ಹೊಗೆಯೊಡನೆ ಹೋರಾಡಿದ ಜಾನ್ ಈವ್ಲಿನ್

ಕಲ್ಲಿದ್ದಲು ನಿಸರ್ಗವು ಮಾನವನಿಗೆ ಕೊಟ್ಟಿರುವ ಅಮೂಲ್ಯ ಸಂಪತ್ತು. ಅದು ಕಾರ್ಖಾನೆಗಳನ್ನು ನಡೆಸಿತು, ರೈಲುಗಳನ್ನು ಓಡಿಸಿತು. ಆದರೆ ಅದರ ಹೊಗೆಯು ಜನರ ಆಯುಷ್ಯವನ್ನು ಹ್ರಸ್ವಗೊಳಿಸುತ್ತದೆ. ಈ ಸತ್ಯವನ್ನು ಮೂರೂವರೆ ಶತಮಾನಗಳಿಗೂ ಹಿಂದೆ ಅರಿತು, ಅದನ್ನು ಅರಸನಿಗೆ ನಿವೇದಿಸಿದವನು ಜಾನ್ ಈವ್ಲಿನ್.

ಈವ್ಲಿನ್ನನು 1620ನೆಯ ಇಸವಿ ಅಕ್ಟೋಬರ್ 31ರಂದು ಇಂಗ್ಲೆಂಡಿನ ವಾಟನ್ ಎಂಬ ಗ್ರಾಮದಲ್ಲಿ ಜನಿಸಿದನು. ಅವನ ಮನೆತನಕ್ಕೆ ಸಿರಿ ಬಂದುದು ಸಿಡಿಮದ್ದಿನ ತಯಾರಿಕೆಯಿಂದ. ಆಕ್ಸ್‌ಫರ್ಡಿನಲ್ಲಿ ವ್ಯಾಸಂಗ ಮಾಡಿದ ತರುವಾಯ ಅವನು ಫ್ರಾನ್ಸ್, ಇಟಲಿ ದೇಶಗಳಲ್ಲಿ ಸಂಚರಿಸಿದನು. ಪಡುವಾ ನಗರದಲ್ಲಿ ಅಂಗರಚನಾಶಾಸ್ತ್ರವನ್ನು ಅಭ್ಯಸಿಸಿದನು. ಸ್ವದೇಶಕ್ಕೆ ಮರಳಿದ ಮೇಲೆ ಲಂಡನ್ನಿನ ಸಮೀಪದ ಡೆಪ್ಟ್‌ಫರ್ಡಿನಲ್ಲಿ ನೆಲೆಸಿ ಸೊಗಸಾದ ಉದ್ಯಾನವನ್ನು ಬೆಳೆಸಿದನು. 1660ರಲ್ಲಿ ಸ್ಥಾಪನೆಗೊಂಡ ರಾಯಲ್ ಸೊಸೈಟಿ ಎಂಬ ವಿಜ್ಞಾನಸಂಸ್ಥೆಯ ಆದಿಸದಸ್ಯರಲ್ಲಿ ಅವನೂ ಒಬ್ಬನು.

ಆ ಕಾಲಕ್ಕೆ ಲಂಡನ್ನಿನಲ್ಲಿ ಸೌದೆ ದುಬಾರಿಯಾಗಿತ್ತು. ನ್ಯೂಕಾಸಲ್ ಬಂದರಿನಿಂದ ಹಡಗುಗಳಲ್ಲಿ ಬರುತ್ತಿದ್ದ ಕಲ್ಲಿದ್ದಲನ್ನೇ ಜನರು ಉರಿಸುತ್ತಿದ್ದರು. ಒಂದು ದಿನ ಅರಮನೆಯ ಕೋಣೆಗಳೊಳಗೂ ಹೊಗೆ ತುಂಬಿದುದನ್ನು ಈವ್ಲಿನ್ನನು ಕಂಡನು. 1661ರಲ್ಲಿ ‘ಫ್ಯೂಮಿಫ್ಯೂಜಿಯಂ’ ಎಂಬ ಗ್ರಂಥವನ್ನು ರಚಿಸಿ ದೊರೆ ಎರಡನೆಯ ಚಾರ್ಲ್ಸನಿಗೆ ಅರ್ಪಿಸಿದನು.

ಮನೆಗಳ ಒಲೆಗಳಿಗಿಂತಲೂ ಮದ್ಯ ತಯಾರಿಸುವವರ, ಬಣ್ಣ ಹಾಕುವವರ, ಸುಣ್ಣ ಸುಡುವವರ ಹಾಗೂ ಸಾಬೂನು ಬೇಯಿಸುವವರ ಕುಲುಮೆಗಳೇ ಹೆಚ್ಚಿನ ಹಾನಿ ಮಾಡುತ್ತಿವೆಯೆಂದು ಅವನು ತೋರಿಸಿಕೊಟ್ಟನು. ನಗರದಲ್ಲಿ ಸಾಯುವವರ ಪೈಕಿ ಸುಮಾರು ಅರ್ಧದಷ್ಟು ಜನ ಕ್ಷಯ ಮತ್ತು ಶ್ವಾಸಕೋಶದ ಬೇನೆಗಳಿಗೆ ಬಲಿಯಾಗುತ್ತಾರೆಂದು ಬರೆದನು. ಅಂತರ್ಯುದ್ಧದ ಕಾಲದಲ್ಲಿ ನ್ಯೂಕಾಸಲ್ಲಿಗೆ ಮುತ್ತಿಗೆ ಬಿದ್ದು ಕಲ್ಲಿದ್ದಲು ಬಾರದೆ ಹೋದಾಗ ಲಂಡನ್ನಿನ ತೋಟಗಳು ಯಥೇಚ್ಛವಾಗಿ ಫಲ ಬಿಟ್ಟುದನ್ನು ನಿದರ್ಶನವಾಗಿ ಕೊಟ್ಟನು. ಇಂಥ ಉದ್ಯಮಗಳನ್ನು ನಗರದಿಂದ ಕೆಲವು ಮೈಲಿ ದೂರಕ್ಕೆ ಸಾಗಿಸಬೇಕು, ನಗರದ ಸುತ್ತ ಸುವಾಸನೆಯ ಗಿಡಗಳನ್ನು ನೆಡಬೇಕು ಎಂಬುದು ಅವನ ಸಲಹೆಯಾಗಿತ್ತು.

ದೊರೆಯು ಸಂತೋಷಪಟ್ಟನು, ಮಸೂದೆಯ ಕರಡೂ ಸಿದ್ಧವಾಯಿತು. ಆದರೆ ಅದು ಶಾಸನವಾಗಲಿಲ್ಲ. ಈವ್ಲಿನ್ನನು ಎದೆಗುಂದಲಿಲ್ಲ. 1664ರಲ್ಲಿ ‘ಸಿಲ್ವಾ’ ಎಂಬ ಗ್ರಂಥದ ಮೂಲಕ ಮರಗಳನ್ನು ಬೆಳೆಸುವಂತೆ ನಾಡಿಗೆ ಬೋಧಿಸಿದನು. 1665ರ ಪ್ಲೇಗಿನ ಕಾಲದಲ್ಲಿಯೂ ಊರು ಬಿಡದೆ ಗಾಯಗೊಂಡ ನಾವಿಕರ ಆರೈಕೆಯ ಹೊಣೆಯನ್ನು ನಿರ್ವಹಿಸಿದನು. ಎಂಟು ಮಕ್ಕಳಲ್ಲಿ ಒಬ್ಬ ಮಗಳನ್ನುಳಿದು ಮಿಕ್ಕವರೆಲ್ಲರೂ ತನಗಿಂತ ಮೊದಲೇ ತೀರಿಕೊಂಡ ದುಃಖವನ್ನು ಸಹಿಸಿದ ಅವನು 1706ರ ಫೆಬ್ರುವರಿ 27ರಂದು ನಿಧನನಾದನು.

ಅವನ ಎಚ್ಚರಿಕೆಯನ್ನು ಅಲಕ್ಷಿಸಿದುದರ ಫಲವನ್ನು ಲಂಡನ್ ನಗರವು 1952ರ ಡಿಸೆಂಬರಿನಲ್ಲಿ ಉಂಡಿತು. ಚಳಿಗಾಲದಲ್ಲಿ ನೆಲದ ಬಳಿಯ ತಣ್ಣನೆಯ ಗಾಳಿಯನ್ನು ಮೇಲಿನ ಬೆಚ್ಚನೆಯ ಗಾಳಿಯು ಮುಚ್ಚಳದಂತೆ ತಡೆಯುವುದುಂಟು. ಆಗ ಹೊಗೆಯು ಮೇಲೇರದೆ ಮಂಜಿನೊಡನೆ ಬೆರೆಯುತ್ತದೆ. ಕಲ್ಲಿದ್ದಲಿನ ಗಂಧಕವು ಉರಿದು ಹುಟ್ಟುವ ಅನಿಲವು ತೇವದೊಡನೆ ಕೂಡಿ ಆಮ್ಲವಾಗುತ್ತದೆ. ಮಸಿಯ ಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಇದರಿಂದ ಕೆಮ್ಮು, ಉಬ್ಬಸ, ಹೃದಯದ ವ್ಯಾಧಿಗಳು ಉಲ್ಬಣಿಸುತ್ತವೆ. ಐದು ದಿನ ಕವಿದ ಆ ಹೊಗೆಮಂಜಿಗೆ ಸುಮಾರು 4,000 ಜನ ಬಲಿಯಾದರೆಂದು ಆಗ ಎಣಿಸಲಾಯಿತು. ಈ ಸಂಖ್ಯೆ 12,000ದವರೆಗೆ ಇದ್ದಿರಬಹುದೆಂಬುದು ಅನಂತರದ ಸಂಶೋಧಕರ ಅಂದಾಜು. 1956ರಲ್ಲಿ ಅಲ್ಲಿ ಶುದ್ಧವಾಯು ಶಾಸನವು ಜಾರಿಗೆ ಬಂದಿತು. 2024ರಲ್ಲಿ ಆ ದೇಶದ ಕಟ್ಟಕಡೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರವೂ ಮುಚ್ಚಿತು.

ಗಬ್ಬೂರು, ದೇವದುರ್ಗ, ಮಾನ್ವಿಗಳ ಮಕ್ಕಳಿಗೆ ಇದು ಬರಿಯ ದೂರದೇಶದ ಕಥೆಯಲ್ಲ. ಅವರ ರಾಯಚೂರು ಜಿಲ್ಲೆಯಲ್ಲಿಯೇ ಕೃಷ್ಣಾನದಿಯ ದಡದ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲನ್ನು ಉರಿಸಿ ವಿದ್ಯುತ್ತನ್ನು ಉತ್ಪಾದಿಸಲಾಗುತ್ತಿದೆ. ಹೊಗೆಯೊಡನೆ ಹೊರಡುವ ಹಾರುಬೂದಿಯನ್ನು ಯಂತ್ರಗಳಿಂದ ಹಿಡಿದಿಡಬೇಕಾಗುತ್ತದೆ. ನಮ್ಮ ದೇಶದಲ್ಲಿಯೂ 1981ರಲ್ಲಿ ವಾಯುಮಾಲಿನ್ಯ ನಿಯಂತ್ರಣದ ಶಾಸನವಾಯಿತು. ಬೆಳಕೂ ಬೇಕು, ಉಸಿರೂ ಬೇಕು. ಒಂದಕ್ಕಾಗಿ ಮತ್ತೊಂದನ್ನು ಬಲಿಗೊಡದಿರುವುದೇ ನಾಗರಿಕತೆಯ ಲಕ್ಷಣ. ಇದೇ ಈವ್ಲಿನ್ನನ ಬಾಳು ನಮಗೆ ಕಲಿಸುವ ಪಾಠ.