ಮರೆವು ಮುಪ್ಪಿನ ಸಹಜ ಗುಣವೇ? ಡಾ. ಆಲ್ಜೈಮರ್ ಬದುಕಿನಲ್ಲಿದೆ ಉತ್ತರ

ಅರವತ್ತಕ್ಕೆ ಅರಳು ಮರಳು ಎನ್ನುವ ಮಾತು ಎಲ್ಲರಿಗೂ ಗೊತ್ತು. ಹೂವಿನ ಹಿಪ್ಪರಗಿಯಿರಲಿ, ಸಿಂದಗಿಯಿರಲಿ, ಮುತ್ಯಾ ಮನೆ ದಾರಿ ತಪ್ಪಿದರೆ, ಆಯಿ ಮಗನ ಹೆಸರು ಮರೆತರೆ ವಯಸ್ಸಾಯಿತು ಎಂದು ನಾವು ಸುಮ್ಮನಾಗುತ್ತೇವೆ. ಇಂಥ ಮರೆವು ನಿಜಕ್ಕೂ ಮುಪ್ಪಿನ ಸಹಜ ಗುಣವೇ? ಅಲ್ಲ, ಅದು ಮಿದುಳಿನ ಕಾಯಿಲೆ. ಇದನ್ನು ಮೊದಲು ಕಣ್ಣಾರೆ ಕಂಡವರಲ್ಲಿ ಒಬ್ಬರು ಜರ್ಮನಿಯ ಡಾ. ಅಲೋಯ್ಸ್ ಆಲ್ಜೈಮರ್.

ಅವರು ಹುಟ್ಟಿದ್ದು 1864ರ ಜೂನ್ 14ರಂದು, ಬವೇರಿಯಾದ ಮಾರ್ಕ್ಟ್‌ಬ್ರೈಟ್ ಎಂಬ ಸಣ್ಣ ಊರಿನಲ್ಲಿ. ವೈದ್ಯಕೀಯ ಓದು ಮುಗಿಸಿ 1888ರಲ್ಲಿ ಫ್ರಾಂಕ್‌ಫರ್ಟ್‌ನ ಮಾನಸಿಕ ಆಸ್ಪತ್ರೆ ಸೇರಿದರು. ಹಗಲು ರೋಗಿಗಳ ಆರೈಕೆ, ಉಳಿದ ಹೊತ್ತು ಸೂಕ್ಷ್ಮದರ್ಶಕದ ಮುಂದೆ. 1901 ಅವರಿಗೆ ಕಷ್ಟದ ವರ್ಷ. ಪತ್ನಿ ಸಿಸಿಲಿ ತೀರಿಕೊಂಡರು. ಅದೇ ನವೆಂಬರ್‌ನಲ್ಲಿ ಅಗಸ್ಟ್ ಡೀಟರ್ ಎಂಬ ಮಹಿಳೆ ಆಸ್ಪತ್ರೆಗೆ ಬಂದರು. ವಯಸ್ಸು 51 ಮಾತ್ರ. ತಟ್ಟೆಯಲ್ಲಿ ಹೂಕೋಸು ಇದ್ದರೂ ಪಾಲಕ್ ತಿನ್ನುತ್ತಿದ್ದೇನೆ ಎಂದುಕೊಳ್ಳುತ್ತಿದ್ದರು. ತಮ್ಮ ಹೆಸರನ್ನೂ ಪೂರ್ತಿ ಬರೆಯಲಾಗುತ್ತಿರಲಿಲ್ಲ. ಇದಕ್ಕೆ ಮುಪ್ಪು ಕಾರಣ ಎನ್ನುವಂತಿರಲಿಲ್ಲ.

ಆಲ್ಜೈಮರ್ ಮುಂದೆ ಮ್ಯೂನಿಕ್‌ಗೆ ಹೋದರೂ ಆಕೆಯ ಆರೋಗ್ಯ ವಿಚಾರಿಸುತ್ತಲೇ ಇದ್ದರು. 1906ರ ಏಪ್ರಿಲ್‌ನಲ್ಲಿ ಆಕೆ ತೀರಿಕೊಂಡಾಗ ಮಿದುಳನ್ನು ತರಿಸಿ ಪರೀಕ್ಷಿಸಿದರು. ಮಿದುಳು ಕುಗ್ಗಿತ್ತು. ನರಕೋಶಗಳ ಒಳಗೆ ಸಿಕ್ಕುಬಿದ್ದ ಎಳೆಗಳು, ಹೊರಗೆ ಗಟ್ಟಿಯಾದ ಕಲೆಗಳು ಕಂಡವು. ಅದೇ ನವೆಂಬರ್ 3ರಂದು ಟ್ಯೂಬಿಂಗನ್ ಸಭೆಯಲ್ಲಿ ಇದನ್ನು ವಿವರಿಸಿದರು. ಸಭೆಯಲ್ಲಿ ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. 1910ರಲ್ಲಿ ಅವರ ಹಿರಿಯ ಸಹೋದ್ಯೋಗಿ ಎಮಿಲ್ ಕ್ರೆಪೆಲಿನ್ ಈ ಕಾಯಿಲೆಗೆ ಆಲ್ಜೈಮರ್ ಹೆಸರಿಟ್ಟರು. 1915ರ ಡಿಸೆಂಬರ್ 19ರಂದು, 51ನೇ ವಯಸ್ಸಿನಲ್ಲೇ ಆಲ್ಜೈಮರ್ ತೀರಿಕೊಂಡರು.

ಅವರ ಸೂಕ್ಷ್ಮದರ್ಶಕಕ್ಕೆ ಕಾಣದ ಇನ್ನೊಂದು ಹಾನಿ 1970ರ ದಶಕದಿಂದೀಚೆಗೆ ಗೊತ್ತಾಯಿತು. ನೆನಪು, ಗಮನಕ್ಕೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಕಳಿಸುವ ನರಕೋಶಗಳು ಈ ಕಾಯಿಲೆಯಲ್ಲಿ ಸಾಯುತ್ತವೆ. ಆ ಸಂದೇಶವನ್ನು ಹಿಡಿದುಕೊಳ್ಳುವ ರಿಸೆಪ್ಟರ್‌ಗಳೂ ಕಡಿಮೆಯಾಗುತ್ತವೆ. ಫೋನ್ ಮಾಡುವವರೂ ಕಡಿಮೆ, ಎತ್ತುವವರೂ ಕಡಿಮೆ ಎಂದಂತೆ. ಡೊನೆಪೆಜಿಲ್‌ನಂಥ ಮಾತ್ರೆ ಉಳಿದ ಅಸಿಟೈಲ್‌ಕೋಲಿನ್ ಬೇಗ ಕರಗದಂತೆ ತಡೆದು ಕೆಲವರಿಗೆ ಸ್ವಲ್ಪ ಸಹಾಯ ಮಾಡುತ್ತದೆ. ಕಾಯಿಲೆಯನ್ನು ವಾಸಿ ಮಾಡುವುದಿಲ್ಲ. ಹಾಗಾಗಿ ಎಣ್ಣೆ, ಕಷಾಯದಿಂದ ಒಂದೇ ತಿಂಗಳಲ್ಲಿ ಮರೆವು ಮಾಯ ಎನ್ನುವ ಸಂದೇಶಗಳನ್ನು ನಂಬಬೇಡಿ, ಫಾರ್ವರ್ಡ್ ಮಾಡಬೇಡಿ.

ಎಲ್ಲ ಮರೆವೂ ಆಲ್ಜೈಮರ್ ಅಲ್ಲ ಎನ್ನುವುದೂ ನೆನಪಿರಲಿ. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆಯಿಂದಲೂ ಮರೆವು ಬರುತ್ತದೆ. ಇವುಗಳಿಗೆ ಚಿಕಿತ್ಸೆ ಇದೆ. ಮನೆಯ ಹಿರಿಯರು ಪರಿಚಿತ ದಾರಿ ತಪ್ಪಿದರೆ, ಹಣದ ಲೆಕ್ಕದಲ್ಲಿ ಪದೇ ಪದೇ ಎಡವಿದರೆ ಬೈಯಬೇಡಿ, ವೈದ್ಯರಿಗೆ ತೋರಿಸಿ. ತಾಲ್ಲೂಕು ಆಸ್ಪತ್ರೆಯಿಂದ ಶುರು ಮಾಡಿ. ಹೆಚ್ಚಿನ ತಪಾಸಣೆಗೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ.