ಪ್ರಶ್ನಾರ್ಥಕ ಚಿಹ್ನೆಯ ಹಿಂದಿದ್ದ ನಟ ಬೋರಿಸ್ ಕಾರ್ಲಾಫ್

ಅಕ್ಟೋಬರ್ 31ರ ರಾತ್ರಿ ಹ್ಯಾಲೋವೀನ್. ಅಮೆರಿಕ, ಕೆನಡಾ, ಬ್ರಿಟನ್‌ಗಳಲ್ಲಿ ಮಕ್ಕಳು ದೆವ್ವ-ಭೂತಗಳ ವೇಷ ತೊಟ್ಟು ಮನೆಮನೆಯ ಬಾಗಿಲು ತಟ್ಟಿ ಸಿಹಿತಿಂಡಿ ಕೇಳುವ ಹಬ್ಬ. ಆ ವೇಷಗಳ ನಡುವೆ ಒಂದು ಮುಖ ತಪ್ಪದೆ ಕಾಣಸಿಗುತ್ತದೆ. ಚಪ್ಪಟೆ ನೆತ್ತಿ, ಭಾರವಾಗಿ ಇಳಿದ ಕಣ್ಣೆವೆ, ಹಣೆಯ ಮೇಲೆ ಗಾಯದ ಗುರುತು, ಕತ್ತಿನ ಎರಡೂ ಬದಿಯಲ್ಲಿ ಲೋಹದ ಮೊಳೆ. ಮಕ್ಕಳು ಅದನ್ನು ಫ್ರಾಂಕೆನ್‌ಸ್ಟೈನ್ ಎಂದು ಕರೆಯುತ್ತಾರೆ. ವಾಸ್ತವದಲ್ಲಿ ಅದು ಆ ಜೀವಿಯನ್ನು ಸೃಷ್ಟಿಸಿದ ವಿಜ್ಞಾನಿಯ ಹೆಸರು. ಜೀವಿಗೆ ಹೆಸರೇ ಇಲ್ಲ. 1818ರಲ್ಲಿ ಪ್ರಕಟವಾದ ಮೇರಿ ಶೆಲ್ಲಿಯ ಕಾದಂಬರಿಯಲ್ಲೂ ಇಲ್ಲ, 1931ರ ಚಲನಚಿತ್ರದಲ್ಲೂ ಇಲ್ಲ. ಅಷ್ಟೇ ಅಲ್ಲ, ಆ ಚಿತ್ರದ ಆರಂಭದಲ್ಲಿ ತೆರೆಯ ಮೇಲೆ ಮೂಡುವ ಕಲಾವಿದರ ಪಟ್ಟಿಯಲ್ಲಿ ದೈತ್ಯನ ಪಾತ್ರಧಾರಿಯ ಹೆಸರೂ ಇರಲಿಲ್ಲ. ಅಲ್ಲಿದ್ದುದು ಒಂದು ಪ್ರಶ್ನಾರ್ಥಕ ಚಿಹ್ನೆ ಮಾತ್ರ.

ಆ ಪ್ರಶ್ನೆಗೆ ಉತ್ತರ ಬೋರಿಸ್ ಕಾರ್ಲಾಫ್. ಚಿತ್ರ ಬಿಡುಗಡೆಯಾದಾಗ ಅವರು 44ರ ಹೊಸ್ತಿಲಲ್ಲಿದ್ದರು. ಅದಕ್ಕೆ ಮುನ್ನ ಸುಮಾರು 80 ಚಿತ್ರಗಳಲ್ಲಿ ನಟಿಸಿದ್ದರೂ ಅವರನ್ನು ಗುರುತಿಸುವವರು ಇರಲಿಲ್ಲ. ಬೋರಿಸ್ ಕಾರ್ಲಾಫ್ ಎಂಬುದು ಅವರ ನಿಜವಾದ ಹೆಸರೂ ಆಗಿರಲಿಲ್ಲ.

1887ರ ನವೆಂಬರ್ 23ರಂದು ದಕ್ಷಿಣ ಲಂಡನ್ನಿನ ಕ್ಯಾಂಬರ್‌ವೆಲ್‌ನಲ್ಲಿ ಜನಿಸಿದ ಅವರಿಗೆ ಹೆತ್ತವರು ಇಟ್ಟ ಹೆಸರು ವಿಲಿಯಂ ಹೆನ್ರಿ ಪ್ರಾಟ್. ಈ ಕುಟುಂಬದ ಬೇರುಗಳು ಭಾರತದಲ್ಲಿದ್ದವು ಎಂಬುದು ನಮ್ಮಲ್ಲಿ ಹೆಚ್ಚು ಮಂದಿಗೆ ತಿಳಿದಿಲ್ಲ. ತಂದೆ ಆಂಗ್ಲೋ-ಇಂಡಿಯನ್ ಮೂಲದವರು, ಬ್ರಿಟಿಷ್ ಭಾರತದ ಉಪ್ಪಿನ ಸುಂಕದ ಇಲಾಖೆಯಲ್ಲಿ ಅಧಿಕಾರಿಯಾಗಿದ್ದವರು. ತಾಯಿಯ ಕಡೆಯ ಅಜ್ಜಿಯ ಸೋದರಿಯೇ ಅನ್ನಾ ಲಿಯೊನೊವೆನ್ಸ್. ಸಯಾಮಿನ ದೊರೆಯ ಮಕ್ಕಳಿಗೆ ಪಾಠ ಹೇಳಿ, 'ದಿ ಕಿಂಗ್ ಅಂಡ್ ಐ' ಸಂಗೀತ ನಾಟಕಕ್ಕೂ ಚಿತ್ರಕ್ಕೂ ನಾಯಕಿಯಾದ ಶಿಕ್ಷಕಿ ಇವರೇ. ಮಹಾರಾಷ್ಟ್ರದ ಅಹಮದ್‌ನಗರದಲ್ಲಿ, ಅಂದರೆ ಈಗಿನ ಅಹಿಲ್ಯಾನಗರದಲ್ಲಿ, 1831ರಲ್ಲಿ ಹುಟ್ಟಿದ ಅನ್ನಾ ಜೀವನವಿಡೀ ತಾವು ವೇಲ್ಸಿನವರೆಂದೇ ಹೇಳಿಕೊಂಡರು. ಮೊಮ್ಮಗನೂ ಅದೇ ದಾರಿ ಹಿಡಿದರು. ಕಾರ್ಲಾಫ್ ಎಂಬುದು ತಾಯಿಯ ಕಡೆಯ ಹಳೆಯ ಮನೆತನದ ಹೆಸರು ಎಂದು ಅವರು ವಿವರಿಸುತ್ತಿದ್ದರು. ಕುಟುಂಬದ ದಾಖಲೆಗಳಲ್ಲಿ ಅಂಥ ಹೆಸರಿಗೆ ಆಧಾರವಿಲ್ಲವೆಂದು ಅವರ ಪುತ್ರಿಯೇ ನಂತರ ತಿಳಿಸಿದರು. ಕಂದು ಮೈಬಣ್ಣ ಮಾತ್ರ ಮರೆಮಾಚುವಂಥದ್ದಲ್ಲ. ಮೂಕಿಚಿತ್ರಗಳ ಕಾಲದ ಹಾಲಿವುಡ್ ಅದನ್ನು ಧಾರಾಳವಾಗಿ ಬಳಸಿಕೊಂಡು ಅವರನ್ನು ಅರಬ್ಬರು, ಮೆಕ್ಸಿಕನ್ನರು, ಭಾರತೀಯರ ಸಣ್ಣಪುಟ್ಟ ಪಾತ್ರಗಳಿಗೆ ಕರೆಯಿತು.

ಮನೆತುಂಬ ಮಕ್ಕಳಿದ್ದ ಸಂಸಾರದಲ್ಲಿ ಅವರೇ ಕಿರಿಯವರು. ತಂದೆಯ ಆಸರೆ ದೊರೆಯಲಿಲ್ಲ, ತಾಯಿಯೂ ಬೇಗನೆ ತೀರಿಕೊಂಡರು. ಬೆಳೆಸಿದವರು ಅಣ್ಣ-ಅಕ್ಕಂದಿರು. ಹುಡುಗನಿಗೆ ಬಿಲ್ಲುಗಾಲು, ತೊದಲು ಮಾತು. ತೊದಲನ್ನು ಪ್ರಯತ್ನಪಟ್ಟು ಗೆದ್ದರೂ 'ಸ'ಕಾರ ತಡವರಿಸುವ ದೋಷ ಕೊನೆಯವರೆಗೂ ಉಳಿಯಿತು. ಒಂಬತ್ತನೆಯ ವಯಸ್ಸಿನಲ್ಲಿ 'ಸಿಂಡ್ರೆಲಾ' ನಾಟಕದಲ್ಲಿ ದೈತ್ಯರಾಜನ ವೇಷ ಹಾಕಿದಾಗಲೇ ರಂಗಭೂಮಿಯ ಹುಚ್ಚು ಹತ್ತಿತ್ತು. ಅಣ್ಣಂದಿರ ಲೆಕ್ಕಾಚಾರ ಬೇರೆ. ತಮ್ಮನೂ ಸರ್ಕಾರದ ರಾಯಭಾರ ಸೇವೆ ಸೇರಬೇಕು ಎಂಬುದು ಅವರ ಅಪೇಕ್ಷೆ. ಅವರಲ್ಲೊಬ್ಬರಾದ ಜಾನ್ ಪ್ರಾಟ್ ಚೀನಾ ವ್ಯವಹಾರಗಳಲ್ಲಿ ಹೆಸರು ಮಾಡಿ 'ಸರ್' ಪದವಿ ಪಡೆದವರು. ಲಂಡನ್ನಿನ ಕಿಂಗ್ಸ್ ಕಾಲೇಜಿನ ಓದನ್ನು ಅರ್ಧಕ್ಕೆ ಬಿಟ್ಟ ವಿಲಿಯಂ 1909ರಲ್ಲಿ ಕೆನಡಾಕ್ಕೆ ಹಡಗು ಹತ್ತಿದರು. ಹೊಲದಲ್ಲಿ ಕೂಲಿ ಮಾಡಿದರು, ಊರೂರು ಅಲೆಯುವ ನಾಟಕ ಕಂಪನಿಗಳಲ್ಲಿ ಸಿಕ್ಕ ಪಾತ್ರ ಮಾಡಿದರು. ಹಾಲಿವುಡ್ ತಲುಪಿದ ಮೇಲೂ ಪಾತ್ರ ಸಿಗದ ದಿನಗಳಲ್ಲಿ ಲಾರಿ ಓಡಿಸಿ ಹೊಟ್ಟೆ ಹೊರೆದರು. ಮನೆತನದ ಮರ್ಯಾದೆಗೆ ಕುಂದು ಬರಬಾರದೆಂಬ ಅಂಜಿಕೆಯೂ ಹೆಸರು ಬದಲಾವಣೆಗೆ ಒಂದು ಕಾರಣವಾಗಿದ್ದಿರಬೇಕು.

1931ರ ಆರಂಭದಲ್ಲಿ 'ಡ್ರಾಕುಲಾ' ಗೆದ್ದಿತ್ತು. ಯೂನಿವರ್ಸಲ್ ಸ್ಟುಡಿಯೊ ಮತ್ತೊಂದು ಭಯಾನಕ ಚಿತ್ರದ ಸಿದ್ಧತೆಯಲ್ಲಿತ್ತು. ದೈತ್ಯನ ಪಾತ್ರಕ್ಕೆ ಮೊದಲು ಕೇಳಿಬಂದ ಹೆಸರು ಡ್ರಾಕುಲಾ ಖ್ಯಾತಿಯ ಬೆಲಾ ಲುಗೋಸಿಯವರದು. ಅದು ಕೈಗೂಡಲಿಲ್ಲ. ಒಂದು ಮಧ್ಯಾಹ್ನ ಸ್ಟುಡಿಯೊದ ಕ್ಯಾಂಟೀನಿನಲ್ಲಿ ಊಟಕ್ಕೆ ಕುಳಿತಿದ್ದ ಕಾರ್ಲಾಫ್ ಅವರ ತಲೆ ಮತ್ತು ಮುಖದ ಆಕಾರ ನಿರ್ದೇಶಕ ಜೇಮ್ಸ್ ವೇಲ್ ಕಣ್ಣಿಗೆ ಬಿತ್ತು.

ಮುಂದಿನ ಕೆಲಸ ಮೇಕಪ್ ಕಲಾವಿದ ಜ್ಯಾಕ್ ಪಿಯರ್ಸ್ ಅವರದು. ಪ್ರತಿದಿನ ಸುಮಾರು ನಾಲ್ಕು ಗಂಟೆ ಹತ್ತಿಯ ಪದರಗಳನ್ನು ಅಂಟಿಸಿ ಹಣೆ ಎತ್ತರಿಸುವುದು, ಬೂದು-ಹಸಿರು ಬಣ್ಣ ಬಳಿಯುವುದು ನಡೆಯುತ್ತಿತ್ತು. ಕಣ್ಣುಗಳಲ್ಲಿ ಬುದ್ಧಿಯ ಹೊಳಪು ಹೆಚ್ಚಾಯಿತೆಂದು ಅನ್ನಿಸಿ ರೆಪ್ಪೆಗಳಿಗೆ ಮೇಣ ಹಚ್ಚುವ ಸಲಹೆ ಕೊಟ್ಟವರು ಸ್ವತಃ ಕಾರ್ಲಾಫ್. ಬಾಯಿಯ ಒಂದು ಬದಿಯ ಕಟ್ಟಿಸಿದ ಹಲ್ಲುಗಳನ್ನು ತೆಗೆದಿಟ್ಟು ಕೆನ್ನೆ ಗುಳಿ ಬೀಳುವಂತೆ ಮಾಡಿಕೊಂಡವರೂ ಅವರೇ. ಮೈಮೇಲೆ ದಪ್ಪ ತುಂಬಿಸಿದ ಉಡುಪು, ಕಾಲಿಗೆ ಕಲ್ಲಿನಂಥ ಬೂಟು, ಹೊರಗೆ ಕ್ಯಾಲಿಫೋರ್ನಿಯಾದ ಬೇಸಗೆ. ವಿಜ್ಞಾನಿಯ ಪಾತ್ರಧಾರಿ ಕಾಲಿನ್ ಕ್ಲೈವ್ ಅವರನ್ನು ಹೆಗಲ ಮೇಲೆ ಹೊತ್ತು ಗಾಳಿಗಿರಣಿಯ ಗುಡ್ಡ ಏರುವ ದೃಶ್ಯವನ್ನು ವೇಲ್ ಮತ್ತೆ ಮತ್ತೆ ಚಿತ್ರೀಕರಿಸಿದರು. ಆಗ ಹಿಡಿದ ಬೆನ್ನುನೋವು ಕಾರ್ಲಾಫ್ ಅವರನ್ನು ಬದುಕಿರುವವರೆಗೂ ಬಿಡಲಿಲ್ಲ. ಒಮ್ಮೆಯಂತೂ ಕೆಲಸ ಸತತ 25 ಗಂಟೆ ಸಾಗಿತ್ತು.

ಆದರೆ ಚಿತ್ರ ಇಂದಿಗೂ ಉಳಿದಿರುವುದು ಮೇಕಪ್ಪಿನಿಂದಲ್ಲ. ದೈತ್ಯನಿಗೆ ಮಾತಿಲ್ಲ. ಕತ್ತಲ ಕೋಣೆಯಲ್ಲಿ ಹುಟ್ಟಿದ ಅವನ ತಲೆಯ ಮೇಲೆ ಚಾವಣಿಯ ಕಿಂಡಿ ಮೊದಲ ಸಲ ತೆರೆದುಕೊಳ್ಳುತ್ತದೆ. ಬೆಳಕು ಬೀಳುತ್ತದೆ. ಅವನು ಮುಖವೆತ್ತಿ, ಎರಡೂ ಕೈ ಚಾಚಿ, ಬೆಳಕನ್ನು ಹಿಡಿಯಲು ನೋಡುತ್ತಾನೆ. ಅಷ್ಟರಲ್ಲಿ ಕಿಂಡಿ ಮುಚ್ಚುತ್ತದೆ. ಚಾಚಿದ ಕೈಗಳು ಈಗ ಸೃಷ್ಟಿಕರ್ತನ ಕಡೆಗೆ ತಿರುಗಿ ಬೇಡುತ್ತವೆ. ತಾನೇನು ತಪ್ಪು ಮಾಡಿದೆನೆಂದು ತಿಳಿಯದ ಕೂಸಿನ ಗೊಂದಲವನ್ನು ಕಾರ್ಲಾಫ್ ಬೆರಳುಗಳಲ್ಲೇ ಮೂಡಿಸಿದ್ದಾರೆ. ಕೆರೆಯ ದಂಡೆಯ ದೃಶ್ಯವೂ ಹಾಗೆಯೇ. ಪುಟ್ಟ ಹುಡುಗಿಯೊಬ್ಬಳು ದೈತ್ಯನಿಗೆ ಹೆದರದೆ ಹೂ ಕೊಡುತ್ತಾಳೆ, ಇಬ್ಬರೂ ಹೂಗಳನ್ನು ನೀರಿನಲ್ಲಿ ತೇಲಿಬಿಡುತ್ತಾರೆ. ಹೂ ಮುಗಿದಾಗ ಅವಳೂ ತೇಲುವಳೆಂದು ನಂಬಿ ದೈತ್ಯ ಅವಳನ್ನೇ ಎತ್ತಿ ಎಸೆಯುತ್ತಾನೆ. ಹಾಗೆ ಎಸೆಯುವುದು ಕಾರ್ಲಾಫ್ ಅವರಿಗೆ ಸಮ್ಮತವಿರಲಿಲ್ಲ, ವೇಲ್ ಪಟ್ಟು ಬಿಡಲಿಲ್ಲ. ನಂತರ ಈ ಭಾಗಕ್ಕೆ ಕತ್ತರಿ ಬಿತ್ತು. ಪರಿಣಾಮ ತಿರುಗುಬಾಣವಾಯಿತು. ದೈತ್ಯ ಕೈ ಚಾಚುತ್ತಿದ್ದಂತೆ ದೃಶ್ಯ ಮುಗಿದುಹೋಗಿ, ಪ್ರೇಕ್ಷಕರು ಇನ್ನೂ ಘೋರವಾದುದನ್ನು ಊಹಿಸಿಕೊಳ್ಳುವಂತಾಯಿತು. ಕತ್ತರಿಸಿದ ತುಣುಕು ಚಿತ್ರಕ್ಕೆ ಮರಳಿದ್ದು 1980ರ ದಶಕದಲ್ಲಿ.

ಚಿತ್ರದ ಪೂರ್ವಭಾವಿ ಪ್ರದರ್ಶನಕ್ಕೆ ಕಾರ್ಲಾಫ್ ಅವರಿಗೆ ಆಹ್ವಾನವೇ ಇರಲಿಲ್ಲ. ನವೆಂಬರಿನಲ್ಲಿ ಚಿತ್ರ ತೆರೆಕಂಡ ಮೇಲೆ ಪರಿಸ್ಥಿತಿ ಬದಲಾಯಿತು. ದೈತ್ಯನಿಗಾಗಿ ಮರುಗಿ ಮಕ್ಕಳು ಪತ್ರ ಬರೆಯತೊಡಗಿದರು. ಮರುವರ್ಷವೇ 'ದಿ ಮಮ್ಮಿ' ಬಂತು. ಬಟ್ಟೆಪಟ್ಟಿ ಸುತ್ತಿದ ಈಜಿಪ್ಟಿನ ಶವ ಕಣ್ಣು ತೆರೆಯುವ ಒಂದು ಸಣ್ಣ ದೃಶ್ಯಕ್ಕಾಗಿ ಎಂಟು ಗಂಟೆಯ ಮೇಕಪ್ ಆಗಿತ್ತು. 1933ರಲ್ಲಿ ಚಿತ್ರೀಕರಣಕ್ಕೆಂದು ಇಂಗ್ಲೆಂಡಿಗೆ ಹೋದಾಗ, ಎರಡು ದಶಕಗಳಿಂದ ದೂರವಿದ್ದ ಅಣ್ಣಂದಿರನ್ನು ಅಳುಕುತ್ತಲೇ ಕಂಡರು. ಗಂಭೀರ ಸ್ವಭಾವದ ಆ ಹಿರಿಯ ಅಧಿಕಾರಿಗಳು ತಮ್ಮನ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳಲು ಪೈಪೋಟಿಗೆ ಇಳಿದರು.

ಸ್ಟುಡಿಯೊದ ಆ 25 ಗಂಟೆಗಳನ್ನು ಕಾರ್ಲಾಫ್ ಮರೆತಿರಲಿಲ್ಲ. ಆಗಿನ ಹಾಲಿವುಡ್‌ನಲ್ಲಿ ನಟರಿಗೆ ನಿಗದಿತ ಕೆಲಸದ ಅವಧಿಯಾಗಲಿ ಕಡ್ಡಾಯ ವಿಶ್ರಾಂತಿಯಾಗಲಿ ಇರಲಿಲ್ಲ. 1933ರಲ್ಲಿ ನಟರ ಸಂಘ ಸ್ಕ್ರೀನ್ ಆ್ಯಕ್ಟರ್ಸ್ ಗಿಲ್ಡ್ ರೂಪುಗೊಂಡಾಗ ಅವರು ಸ್ಥಾಪಕ ಸದಸ್ಯರಲ್ಲಿ ಒಬ್ಬರು. ಅವರ ಸದಸ್ಯತ್ವದ ಸಂಖ್ಯೆ 9. ಸ್ಟುಡಿಯೊ ಮಾಲೀಕರಿಗೆ ಸುಳಿವು ಸಿಕ್ಕರೆ ಕೆಲಸವೇ ಹೋಗುವ ಕಾಲ ಅದು. ಅಷ್ಟು ವರ್ಷ ಅಲೆದು, ನಡುವಯಸ್ಸಿನಲ್ಲಿ ಕೈಗೆ ಬಂದ ಅದೃಷ್ಟವನ್ನು ಪಣಕ್ಕಿಟ್ಟು ಅವರು ಸಹನಟರನ್ನು ಸಂಘಕ್ಕೆ ಸೇರಿಸಿದರು. ನಿರ್ಮಾಪಕರು ಸಂಘಕ್ಕೆ ಮಾನ್ಯತೆ ಕೊಟ್ಟು ಒಪ್ಪಂದಕ್ಕೆ ಬಂದದ್ದು 1937ರಲ್ಲಿ. ದೈತ್ಯನ ಪಾತ್ರಕ್ಕಿಂತ ಇದು ಸಣ್ಣ ಸಾಧನೆಯೇನಲ್ಲ. ಆದರೆ ಅವರ ಬಗೆಗಿನ ಹೆಚ್ಚಿನ ಬರಹಗಳಲ್ಲಿ ಇದಕ್ಕೆ ಸಿಗುವುದು ಒಂದೆರಡು ಸಾಲು.

ನಮ್ಮ ಓದುಗರಿಗೆ ಆಪ್ತವೆನಿಸುವ ಇನ್ನೊಂದು ಮುಖವೂ ಅವರಿಗಿತ್ತು. ಇಂಗ್ಲೆಂಡಿನ ಮಾಜಿ ಟೆಸ್ಟ್ ನಾಯಕ, ನಟ ಆಬ್ರೆ ಸ್ಮಿತ್ 1932ರಲ್ಲಿ ಕಟ್ಟಿದ ಹಾಲಿವುಡ್ ಕ್ರಿಕೆಟ್ ಕ್ಲಬ್ಬಿನಲ್ಲಿ ಕಾರ್ಲಾಫ್ ಉತ್ಸಾಹಿ ಆಟಗಾರರು. ಬಿಡುವಿದ್ದರೆ ತೋಟದ ಕೆಲಸ. ಹಲವು ವಿವಾಹಗಳಾದರೂ ಮಗು ಒಂದೇ. ಪುತ್ರಿ ಸಾರಾ ಹುಟ್ಟಿದ್ದು 1938ರಲ್ಲಿ, ತಂದೆಯ 51ನೆಯ ಹುಟ್ಟುಹಬ್ಬದಂದೇ. ಆಗ 'ಸನ್ ಆಫ್ ಫ್ರಾಂಕೆನ್‌ಸ್ಟೈನ್' ಚಿತ್ರೀಕರಣ ನಡೆದಿತ್ತು. ಆ ಮೂರನೆಯ ಚಿತ್ರದ ನಂತರ ಯೂನಿವರ್ಸಲ್‌ನ ಸರಣಿಯಲ್ಲಿ ಅವರು ದೈತ್ಯನಾಗಲಿಲ್ಲ. 1935ರ 'ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್'ನಲ್ಲಿ ದೈತ್ಯನಿಗೆ ಮಾತು ಕೊಟ್ಟದ್ದೇ ತಪ್ಪೆಂದು ಅವರು ಭಾವಿಸಿದ್ದರು. ಈ ಒಂದು ವಿಷಯದಲ್ಲಿ ಅವರನ್ನು ಒಪ್ಪುವುದು ಕಷ್ಟ. ಕುರುಡ ಸಂನ್ಯಾಸಿಯ ಗುಡಿಸಲಿನಲ್ಲಿ ದೈತ್ಯ ಮೊದಲ ಪದಗಳನ್ನು ಕಲಿಯುವ ಪ್ರಸಂಗ ನೋಡಿದವರಿಗೆ ಇದು ಅರ್ಥವಾದೀತು.

ಮುಖವೇ ಬಂಡವಾಳವಾದಾಗ ಅದೇ ಸೆರೆಮನೆಯೂ ಆಗಬಹುದು. ಡ್ರಾಕುಲಾದಿಂದ ಹೊರಬರಲಾಗದೆ ಬಡತನ, ವ್ಯಸನಗಳಲ್ಲಿ ಸವೆದ ಲುಗೋಸಿ 1956ರಲ್ಲಿ ತೀರಿಕೊಂಡಾಗ ಅವರನ್ನು ಡ್ರಾಕುಲಾದ ನಿಲುವಂಗಿ ತೊಡಿಸಿಯೇ ಮಣ್ಣು ಮಾಡಲಾಯಿತು. ಕಾರ್ಲಾಫ್ ಅದೇ ಮುಖವನ್ನು ತಮಾಷೆಗೂ ಒಡ್ಡಬಲ್ಲವರಾಗಿದ್ದರು. 1941ರಲ್ಲಿ ಬ್ರಾಡ್‌ವೇ ರಂಗಮಂಚಕ್ಕೆ ಬಂದ 'ಆರ್ಸೆನಿಕ್ ಅಂಡ್ ಓಲ್ಡ್ ಲೇಸ್' ಹಾಸ್ಯ ನಾಟಕದಲ್ಲಿ ಅವರದು ಕೊಲೆಗಾರನ ಪಾತ್ರ. ನೀನು ಬೋರಿಸ್ ಕಾರ್ಲಾಫ್ ಥರ ಕಾಣುತ್ತೀ ಎಂದವನನ್ನು ಆತ ಕೊಂದಿರುತ್ತಾನೆ. 1945ರ 'ದಿ ಬಾಡಿ ಸ್ನ್ಯಾಚರ್'ನಲ್ಲಿ ಮೇಕಪ್ಪಿನ ನೆರವಿಲ್ಲದೆ, ಹೆಣ ಕದ್ದು ಮಾರುವ ಗಾಡಿಯವನಾಗಿ ನೀಡಿದ ಅಭಿನಯ ಅವರ ಅತ್ಯುತ್ತಮ ಕೆಲಸಗಳಲ್ಲಿ ಒಂದು. 1950ರಲ್ಲಿ 'ಪೀಟರ್ ಪ್ಯಾನ್' ನಾಟಕದ ಕ್ಯಾಪ್ಟನ್ ಹುಕ್ ಆದರು.

ಹ್ಯಾಲೋವೀನ್ ಜೊತೆ ಅವರ ನಂಟು ಗಟ್ಟಿಯಾದದ್ದು ಟೆಲಿವಿಷನ್ನಿನಿಂದ. ಯೂನಿವರ್ಸಲ್‌ನ ಹಳೆಯ ಭಯಾನಕ ಚಿತ್ರಗಳು 1957ರಲ್ಲಿ ಒಟ್ಟಾಗಿ ಅಮೆರಿಕದ ಟಿವಿ ಕೇಂದ್ರಗಳಿಗೆ ಮಾರಾಟವಾದವು. ಅಪ್ಪ-ಅಮ್ಮ ಚಿತ್ರಮಂದಿರದಲ್ಲಿ ಕಂಡು ಬೆವರಿದ್ದನ್ನು ಮಕ್ಕಳು ತಡರಾತ್ರಿ ಮನೆಯಲ್ಲೇ ನೋಡಿ ಸಂಭ್ರಮಿಸಿದರು. ಮುಖವಾಡಗಳು ಅಂಗಡಿಗೆ ಬಂದವು. 1962ರ ಅಕ್ಟೋಬರಿನಲ್ಲಿ ಬಾಬಿ ಪಿಕೆಟ್ ಎಂಬ ಗಾಯಕ ಕಾರ್ಲಾಫ್ ಧ್ವನಿಯನ್ನೇ ಅನುಕರಿಸಿ ಹಾಡಿದ 'ಮಾನ್‌ಸ್ಟರ್ ಮ್ಯಾಶ್' ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. 1965ರ ಹ್ಯಾಲೋವೀನ್ ವೇಳೆಗೆ ಟಿವಿ ಕಾರ್ಯಕ್ರಮವೊಂದರಲ್ಲಿ ಆ ಹಾಡನ್ನು ಸ್ವತಃ ಕಾರ್ಲಾಫ್ ಹಾಡಿ ರಂಜಿಸಿದರು. ಮರುವರ್ಷ ಮಕ್ಕಳ ಕ್ರಿಸ್‌ಮಸ್ ಕಾರ್ಟೂನ್ 'ಹೌ ದಿ ಗ್ರಿಂಚ್ ಸ್ಟೋಲ್ ಕ್ರಿಸ್‌ಮಸ್'ಗೆ ನಿರೂಪಕರಾಗಿ ದನಿ ಕೊಟ್ಟರು. ಅದರ ಧ್ವನಿಮುದ್ರಿಕೆಗೆ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಅದರಲ್ಲಿನ ಪ್ರಸಿದ್ಧ ಹಾಡು ಹಾಡಿದವರು ಥರ್ಲ್ ರೇವನ್ಸ್‌ಕ್ರಾಫ್ಟ್. ಅವರ ಹೆಸರು ತೆರೆಯ ಮೇಲೆ ಬರಲಿಲ್ಲ, ಕೀರ್ತಿಯನ್ನು ಬಹಳಷ್ಟು ಜನ ಕಾರ್ಲಾಫ್ ಖಾತೆಗೆ ಹಾಕಿದರು.

ಆ ಹೊತ್ತಿಗೆ ಶ್ವಾಸಕೋಶದ ಕಾಯಿಲೆ ಬಲಿತಿತ್ತು. ಕಾಲಿಗೆ ಲೋಹದ ಆಧಾರಪಟ್ಟಿ ಬೇಕಾಗಿತ್ತು. ನಿರ್ಮಾಪಕ ರೋಜರ್ ಕಾರ್ಮನ್ ಅವರಿಗೆ ಹಳೆಯ ಒಪ್ಪಂದದಂತೆ ಕಾರ್ಲಾಫ್ ಇನ್ನೂ ಎರಡು ದಿನದ ಕೆಲಸ ಬಾಕಿ ಉಳಿಸಿಕೊಂಡಿದ್ದರು. ಅದನ್ನು ಬಳಸಿಕೊಂಡು ಚಿತ್ರ ಮಾಡುವ ಅವಕಾಶ ಯುವಕ ಪೀಟರ್ ಬಾಗ್ಡನೋವಿಚ್ ಪಾಲಿಗೆ ಬಂತು. 1968ರಲ್ಲಿ ತೆರೆಕಂಡ ಆ 'ಟಾರ್ಗೆಟ್ಸ್' ಚಿತ್ರದಲ್ಲಿ ಕಾರ್ಲಾಫ್ ಅವರದು ಬಹುತೇಕ ತಮ್ಮದೇ ಪಾತ್ರ. ಪತ್ರಿಕೆಯ ತುಂಬ ನಿಜವಾದ ಕೊಲೆಗಳ ಸುದ್ದಿ ಇರುವಾಗ ತನ್ನ ಚಿತ್ರಗಳಿಗೆ ಹೆದರುವವರು ಯಾರೆಂದು ಬೇಸತ್ತು ನಿವೃತ್ತಿ ಬಯಸುವ ಮುದಿ ಹಾರರ್ ನಟ. ಇನ್ನೊಂದೆಡೆ, ಯಾವ ಕಾರಣವೂ ಇಲ್ಲದೆ ಬಂದೂಕು ಹಿಡಿದು ಹೊರಡುವ ಸೌಮ್ಯ ಮುಖದ ಯುವಕ. ಎರಡೂ ಕಥೆಗಳು ಡ್ರೈವ್-ಇನ್ ಚಿತ್ರಮಂದಿರವೊಂದರಲ್ಲಿ ಎದುರಾಗುತ್ತವೆ. ಸಾವು ಬಾಗ್ದಾದಿನ ಸೇವಕನೊಬ್ಬನನ್ನು ಭೇಟಿಯಾಗುವ ಪುಟ್ಟ ಕಥೆಯನ್ನು ಕಾರ್ಲಾಫ್ ಈ ಚಿತ್ರದಲ್ಲಿ ಒಂದೇ ಟೇಕ್‌ನಲ್ಲಿ ಹೇಳಿ ಮುಗಿಸಿದಾಗ ಚಿತ್ರತಂಡ ಚಪ್ಪಾಳೆ ತಟ್ಟಿತು.

ಅದಾದ ಮೇಲೂ ಅವರು ಮನೆಯಲ್ಲಿ ಕೂರಲಿಲ್ಲ. ನಾಲ್ಕು ಮೆಕ್ಸಿಕನ್ ಚಿತ್ರಗಳಿಗೆ ತಮ್ಮ ಭಾಗವನ್ನು ಲಾಸ್ ಏಂಜಲೀಸ್‌ನಲ್ಲೇ ಮುಗಿಸಿಕೊಟ್ಟರು. ದೃಶ್ಯಗಳ ನಡುವೆ ಗಾಲಿಕುರ್ಚಿ, ಆಮ್ಲಜನಕದ ಸಿಲಿಂಡರ್. 1969ರ ಫೆಬ್ರುವರಿ 2ರಂದು ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಮಿಡ್‌ಹರ್ಸ್ಟ್ ಆಸ್ಪತ್ರೆಯಲ್ಲಿ, 81ನೆಯ ವಯಸ್ಸಿನಲ್ಲಿ ಅವರು ಕೊನೆಯುಸಿರೆಳೆದರು. ಆ ಮೆಕ್ಸಿಕನ್ ಚಿತ್ರಗಳಲ್ಲಿ ಒಂದೂ ಅಷ್ಟರೊಳಗೆ ತೆರೆಕಂಡಿರಲಿಲ್ಲ.