ಇಂದಿನ ಧಮ್ಮ ಚಿಂತನೆ: ಬಾಬಾಸಾಹೇಬರು ದೀಕ್ಷೆಗೆ ತಯಾರಾದ ಬಗೆ



ಶನಿವಾರ, ಭಾನುವಾರದ ಧಮ್ಮ ಶಿಬಿರಕ್ಕೆ ಹೆಸರು ಕೊಟ್ಟವರು ಎರಡು ದಿನಗಳಿಂದ ಗುಂಪಿನಲ್ಲಿ ಪ್ರಶ್ನೆ ಮೇಲೆ ಪ್ರಶ್ನೆ ಕೇಳುತ್ತಿದ್ದೀರಿ. ಹೊದಿಕೆ ತರಬೇಕೇ, ತಟ್ಟೆ ಲೋಟ ಅಲ್ಲೇ ಸಿಗುತ್ತವೆಯೇ, ಬಿಳಿ ಬಟ್ಟೆ ಕಡ್ಡಾಯವೇ, ಮಕ್ಕಳನ್ನು ಕರೆತರಬಹುದೇ. ಸಂಚಾಲಕರು ನಿನ್ನೆಯೇ ಎಲ್ಲಕ್ಕೂ ಉತ್ತರ ಹಾಕಿದ್ದಾರೆ, ಸ್ವಲ್ಪ ಮೇಲೆ ಹೋಗಿ ನೋಡಿಕೊಳ್ಳಿ. ಒಬ್ಬ ತಾಯಿ ಮಾತ್ರ ಬೇರೆಯದನ್ನು ಕೇಳಿದರು. ಶಿಬಿರಕ್ಕೆ ಬರುವಾಗ ಮನಸ್ಸನ್ನು ಪೂರ್ತಿ ಖಾಲಿ ಮಾಡಿಕೊಂಡು ಬರಬೇಕು ಎಂದು ಯಾರೋ ಹೇಳಿದರಂತೆ, ಅದು ನಿಜವೇ ಎಂದು. ಆ ಪ್ರಶ್ನೆಯನ್ನು ಇಟ್ಟುಕೊಂಡೇ ಇವತ್ತು ಬಾಬಾಸಾಹೇಬರ ಬದುಕಿನ ಒಂದು ಭಾಗವನ್ನು ನೆನೆಯೋಣ. ಒಂದು ದಿನದ ಧಮ್ಮದೀಕ್ಷೆಗೆ ಅವರು ಮಾಡಿಕೊಂಡ ತಯಾರಿ ಹುಡುಗತನದಿಂದಲೇ ಶುರುವಾಗಿ ಐವತ್ತು ವರ್ಷದ ಹತ್ತಿರ ನಡೆದದ್ದು.

ಭೀಮರಾವ್ ಹುಟ್ಟಿದ್ದು 1891ರ ಏಪ್ರಿಲ್ 14ರಂದು ಮಹೂ ದಂಡಿನಲ್ಲಿ ಎಂಬುದು ನಮ್ಮ ಮಕ್ಕಳಿಗೂ ಗೊತ್ತು. ತಂದೆ ಸುಬೇದಾರ್ ರಾಮಜಿ ಸಕ್ಪಾಲರು ಕಬೀರ ಪಂಥದವರು. ಮನೆಯಲ್ಲಿ ಶಿಸ್ತು ಜಾಸ್ತಿ. ಮಕ್ಕಳು ದಿನವೂ ರಾಮಾಯಣ, ಮಹಾಭಾರತ ಓದಬೇಕೆಂದು ಅವರ ಕಟ್ಟಪ್ಪಣೆ. ನಮ್ಮನ್ನು ಕೀಳೆಂದು ಕಾಣುವ ಈ ಪುಸ್ತಕಗಳನ್ನು ನಾವೇಕೆ ಓದಬೇಕು ಎಂದು ಹುಡುಗ ಒಮ್ಮೆ ತಂದೆಯನ್ನೇ ಕೇಳಿಬಿಟ್ಟ. ಕರ್ಣ, ದ್ರೋಣರಂಥವರು ಸಣ್ಣ ಸ್ಥಿತಿಯಿಂದ ಮೇಲೆ ಬಂದದ್ದನ್ನು ಓದಿದರೆ ನಮ್ಮವರ ಕೀಳರಿಮೆ ಹೋಗುತ್ತದೆ ಎಂಬುದು ರಾಮಜಿಯವರ ಸಮಾಧಾನ. ತಂದೆಯ ಮಾತಿನಲ್ಲಿ ಹುರುಳಿದೆ ಎಂದು ಒಪ್ಪಿದರೂ ಹುಡುಗನಿಗೆ ತೃಪ್ತಿಯಾಗಲಿಲ್ಲ. ವಾಲಿಯನ್ನು ಕೊಂದ ರೀತಿ, ಸೀತೆಯನ್ನು ನಡೆಸಿಕೊಂಡ ರೀತಿ ಅವನಿಗೆ ಹಿಡಿಸಲಿಲ್ಲ. ಅಂದರೆ ಬುದ್ಧನ ಹೆಸರು ಕಿವಿಗೆ ಬೀಳುವ ಮೊದಲೇ ಆ ತಲೆಯಲ್ಲಿ ತಕರಾರುಗಳು ಶುರುವಾಗಿದ್ದವು.

ಮುಂಬೈಯ ಚಾಳಿನ ಮನೆಯಲ್ಲಿ ಓದಲು ಜಾಗ ಎಲ್ಲಿ? ಶಾಲೆ ಮುಗಿದ ಮೇಲೆ ಭೀಮರಾವ್ ಚರ್ನಿ ರೋಡ್ ಉದ್ಯಾನದಲ್ಲಿ ಕುಳಿತು ಓದುತ್ತಿದ್ದ. ಅಲ್ಲಿಗೆ ಬರುತ್ತಿದ್ದ ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಎಂಬ ಶಿಕ್ಷಕರು ಈ ಹುಡುಗನನ್ನು ಗಮನಿಸಿದರು. ಅವನು ಪರೀಕ್ಷೆ ಪಾಸಾದಾಗ ಸಮಾಜದವರು ಸಭೆ ಸೇರಿಸಿ ಸನ್ಮಾನ ಮಾಡಿದರು. ಆ ಸಭೆಯಲ್ಲಿ ಕೇಳುಸ್ಕರ್ ತಾವೇ ಮರಾಠಿಯಲ್ಲಿ ಬರೆದ ಬುದ್ಧ ಚರಿತ್ರೆಯ ಒಂದು ಪ್ರತಿಯನ್ನು ಹುಡುಗನ ಕೈಗಿಟ್ಟರು. ಮುಂದೆ ಬರೋಡಾದ ಸಯಾಜಿರಾವ್ ಮಹಾರಾಜರಿಂದ ವಿದ್ಯಾರ್ಥಿವೇತನ ಸಿಗಲು ದಾರಿ ಮಾಡಿಕೊಟ್ಟವರೂ ಅವರೇ. ನಾನೂ ಶಿಕ್ಷಕ. ನಮ್ಮ ಕೆಲಸದಲ್ಲಿ ಹಾರ, ಶಾಲು, ಟ್ರೋಫಿಗಳನ್ನು ಕೊಡುವ ಸಭೆಗಳು ವರ್ಷಕ್ಕೆ ಹತ್ತಾರು. ಆ ಸಂಜೆ ಕೇಳುಸ್ಕರ್ ಪುಸ್ತಕದ ಬದಲು ಶಾಲು ಹೊದಿಸಿ ಕಳಿಸಿದ್ದರೆ ಎಂದು ಒಮ್ಮೊಮ್ಮೆ ಯೋಚನೆ ಬರುತ್ತದೆ.

ಪುಸ್ತಕ ಓದಿದ ಹುಡುಗ ನೇರವಾಗಿ ತಂದೆಯ ಬಳಿ ಹೋಗಿ, ಇಷ್ಟು ದಿನ ಬೌದ್ಧ ಸಾಹಿತ್ಯವನ್ನು ನಮಗೇಕೆ ಪರಿಚಯಿಸಲಿಲ್ಲ ಎಂದು ಕೇಳಿದ. ಮುಂದೆ 1956ರಲ್ಲಿ ಈ ದಿನಗಳನ್ನು ನೆನೆದು ಬರೆದ ಮುನ್ನುಡಿಯಲ್ಲಿ ಬಾಬಾಸಾಹೇಬರು, ತಾವು ಬುದ್ಧನ ಕಡೆ ಖಾಲಿ ಮನಸ್ಸಿನಿಂದ ಹೋಗಲಿಲ್ಲ, ಹೋಲಿಸಿ ನೋಡಲು ತಮ್ಮಲ್ಲಿ ಆಗಲೇ ಒಂದು ಹಿನ್ನೆಲೆ ಇತ್ತು ಎಂಬ ಅರ್ಥದ ಮಾತನ್ನು ದಾಖಲಿಸಿದ್ದಾರೆ. ಆ ತಾಯಿಯ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ತೋಚುತ್ತಿಲ್ಲ. ಧ್ಯಾನಕ್ಕೆ ಕುಳಿತ ಅರ್ಧ ಗಂಟೆ ಮನಸ್ಸು ಶಾಂತವಾಗಿರಲಿ, ಅದು ಬೇಕು. ಆದರೆ ಧಮ್ಮವನ್ನು ಕೇಳಲು ಹೋಗುವಾಗ ನಮ್ಮ ಅನುಭವ, ನಮ್ಮ ಅಪಮಾನ, ನಮ್ಮ ಓದನ್ನೆಲ್ಲ ಹೊರಗಿಟ್ಟು ಹೋಗಬೇಕು ಎಂಬುದು ಬಾಬಾಸಾಹೇಬರ ದಾರಿಯಲ್ಲ.

ಕೊಲಂಬಿಯಾ, ಲಂಡನ್, ಮಹಾಡ್, ನಾಸಿಕ, ದುಂಡು ಮೇಜಿನ ಪರಿಷತ್ತು ಇವನ್ನೆಲ್ಲ ಈ ಗುಂಪಿನಲ್ಲಿ ಹಲವು ಸಲ ಓದಿದ್ದೀರಿ. 1935ರ ಅಕ್ಟೋಬರ್ 13ಕ್ಕೆ ಬರೋಣ. ಯೇವಲೆಯಲ್ಲಿ ಅವರು ಹಿಂದೂವಾಗಿ ಹುಟ್ಟಿದ್ದು ತಮ್ಮ ಕೈಯಲ್ಲಿರಲಿಲ್ಲ, ಹಿಂದೂವಾಗಿ ಸಾಯುವುದಿಲ್ಲ ಎಂದು ಘೋಷಿಸಿದರು. ಅಲ್ಲಿಂದ ನಾಗಪುರದ ದೀಕ್ಷೆಗೆ 21 ವರ್ಷ. ಜನರಿಗೆ ಅವಸರವಿತ್ತು. ಬೇರೆ ಬೇರೆ ಧರ್ಮದ ಮುಖಂಡರು ಬಂದು ಕರೆದರು. ಅವರು ಸಿಖ್ ಧರ್ಮವನ್ನು ಹತ್ತಿರದಿಂದ ನೋಡಿದರು, 1936ರಲ್ಲಿ ಅಮೃತಸರದ ಸಭೆಗೂ ಹೋಗಿ ಬಂದರು. ಆದರೆ ಹೆಜ್ಜೆ ಇಡಲಿಲ್ಲ. ಅದನ್ನು ಅನಿಶ್ಚಯ ಎಂದು ಆಗಲೂ ಆಡಿಕೊಂಡರು, ಈಗಲೂ ಆಡಿಕೊಳ್ಳುವವರಿದ್ದಾರೆ. ಲಕ್ಷಾಂತರ ಬಡವರು ತನ್ನ ಹಿಂದೆ ಬರುತ್ತಾರೆ ಎಂದು ಗೊತ್ತಿರುವ ಮನುಷ್ಯ, ತಾನು ಪೂರ್ತಿ ಪರಿಶೀಲಿಸದ ಮನೆಗೆ ಅವರನ್ನು ಕರೆದೊಯ್ಯಲು ಸಿದ್ಧನಿರಲಿಲ್ಲ ಎಂದೇ ನಾನು ತಿಳಿದಿದ್ದೇನೆ.

ಆ 21 ವರ್ಷದ ಓದು ಎಂಥದ್ದೆಂದು ಸ್ವಲ್ಪ ನಿಂತು ನೋಡಬೇಕು. ಶಾಲೆಯಲ್ಲಿ ಅಸ್ಪೃಶ್ಯನೆಂಬ ಕಾರಣಕ್ಕೆ ಸಂಸ್ಕೃತ ಸಿಗದೆ ಪರ್ಷಿಯನ್ ಓದಬೇಕಾಗಿ ಬಂದ ವ್ಯಕ್ತಿ, ಬುದ್ಧನ ಮಾತನ್ನು ಮೂಲದಲ್ಲೇ ಓದಬೇಕೆಂದು ಪಾಲಿ ಹಿಡಿದರು. ತಾವು ಕಲಿತದ್ದಷ್ಟೇ ಅಲ್ಲ, ಪಾಲಿ ವ್ಯಾಕರಣ ಬರೆದರು, ಪಾಲಿ ಪದಗಳಿಗೆ ಬೇರೆ ಭಾಷೆಗಳಲ್ಲಿ ಅರ್ಥ ಕೊಡುವ ನಿಘಂಟು ತಯಾರಿಸಿದರು. ಮಹಾರಾಷ್ಟ್ರ ಸರ್ಕಾರ ಪ್ರಕಟಿಸಿದ ಅವರ ಬರಹಗಳ 16ನೇ ಸಂಪುಟವನ್ನು ತೆರೆದರೆ ಈ ಕೆಲಸ ಕಾಣುತ್ತದೆ. ಸಂವಿಧಾನದ ಕರಡು, ಮಂತ್ರಿಗಿರಿ, ಸಕ್ಕರೆ ಕಾಯಿಲೆ, ಕಾಲುನೋವುಗಳ ನಡುವೆ ಒಂದೊಂದೇ ಪದವನ್ನು ಬರೆದಿಟ್ಟವರು ಅವರು. ತ್ರಿಸರಣ, ಪಂಚಶೀಲವನ್ನು ಬಾಯಿಪಾಠ ಮಾಡಿ ಅರ್ಥ ಕೇಳಿದರೆ ತಲೆ ಕೆರೆದುಕೊಳ್ಳುವ ನಾವು ಆ ಸಂಪುಟವನ್ನು ಒಮ್ಮೆಯಾದರೂ ಕೈಯಲ್ಲಿ ಹಿಡಿದು ನೋಡಬೇಕು.

1948ರಲ್ಲಿ ಮದರಾಸಿನ ಪ್ರೊ. ಪಿ. ಲಕ್ಷ್ಮೀನರಸು ಅವರ ಬೌದ್ಧಧರ್ಮದ ಪುಸ್ತಕವನ್ನು ಮುನ್ನುಡಿ ಬರೆದು ಮತ್ತೆ ಅಚ್ಚು ಹಾಕಿಸಿದರು. ಲಕ್ಷ್ಮೀನರಸು ವಿಜ್ಞಾನದ ಅಧ್ಯಾಪಕರು, ಪಂಡಿತ ಅಯೋಧ್ಯಾದಾಸರ ಶಾಕ್ಯ ಬೌದ್ಧ ಸಂಘದ ಒಡನಾಡಿ. ಆ ಸಂಘದ ಶಾಖೆ ನಮ್ಮ ಕೋಲಾರ ಚಿನ್ನದ ಗಣಿಯಲ್ಲೂ ಇತ್ತು. ನಾಗಪುರಕ್ಕೆ ದಶಕಗಳ ಮೊದಲೇ ಗಣಿ ಕಾರ್ಮಿಕರು ಅಲ್ಲಿ ಬುದ್ಧವಂದನೆ ಮಾಡುತ್ತಿದ್ದರು ಎಂಬುದು ನಮ್ಮ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಅವರು ಇಟ್ಟ ಹೆಸರುಗಳನ್ನು ಗಮನಿಸಿ. ದಾದರ್‌ನ ಮನೆ ರಾಜಗೃಹ. 1946ರಲ್ಲಿ ಮುಂಬೈಯಲ್ಲಿ ತೆರೆದ ಕಾಲೇಜು ಸಿದ್ಧಾರ್ಥ. ಔರಂಗಾಬಾದಿನಲ್ಲಿ ಕಟ್ಟಿದ ಕಾಲೇಜಿಗೆ ಮಿಲಿಂದ, ಅದರ ಆವರಣಕ್ಕೆ ನಾಗಸೇನವನ. ಉತ್ತರ ಹೇಳಿದ ಭಿಕ್ಷು ನಾಗಸೇನರ ಹೆಸರು ನೆಲಕ್ಕೆ, ಪ್ರಶ್ನೆ ಕೇಳಿದ ರಾಜ ಮಿಲಿಂದನ ಹೆಸರು ವಿದ್ಯಾರ್ಥಿಗಳು ಓದುವ ಕಾಲೇಜಿಗೆ. ಮೇಷ್ಟರಾದ ನನಗೆ ಇದು ಬಹಳ ಹಿಡಿಸಿದ ಸಂಗತಿ. ಪ್ರಶ್ನೆ ಕೇಳುವವನ ಹೆಸರನ್ನು ಹೊತ್ತ ಕಾಲೇಜು ನಮ್ಮ ದೇಶದಲ್ಲಿ ಇನ್ನೆಷ್ಟಿವೆಯೋ.

ಪುಸ್ತಕದ ಬೌದ್ಧಧರ್ಮ ಒಂದು, ಜನ ಆಚರಿಸುವ ಬೌದ್ಧಧರ್ಮ ಇನ್ನೊಂದು ಎಂಬುದೂ ಅವರಿಗೆ ತಿಳಿದಿತ್ತು. 1950ರಲ್ಲಿ ಸಿಂಹಳಕ್ಕೆ ಹೋದರು, 1954ರಲ್ಲಿ ಬರ್ಮಾಕ್ಕೆ. ಸಮ್ಮೇಳನದಲ್ಲಿ ಭಾಷಣ ಮಾಡುವುದಕ್ಕಿಂತ ಅಲ್ಲಿನ ವಿಹಾರಗಳಲ್ಲಿ ಏನು ನಡೆಯುತ್ತದೆ, ಉಪಾಸಕರ ಬದುಕಿನಲ್ಲಿ ಧಮ್ಮ ಎಷ್ಟು ಉಳಿದಿದೆ ಎಂದು ಕಣ್ಣಾರೆ ನೋಡುವುದು ಅವರ ಉದ್ದೇಶ. ನೋಡಿದ್ದರಲ್ಲಿ ಎಲ್ಲವನ್ನೂ ಅವರು ಮೆಚ್ಚಲಿಲ್ಲ. ಭಿಕ್ಷುವಾಗುವವನಿಗೆ ದೀಕ್ಷೆಯ ವಿಧಿ ಇದೆ, ಸಂಸಾರಸ್ಥನಿಗೆ ಅಂಥದ್ದಿಲ್ಲ, ಹಾಗಾಗಿ ಯಾರು ಬೌದ್ಧ ಯಾರು ಅಲ್ಲ ಎಂಬುದೇ ಸ್ಪಷ್ಟವಿಲ್ಲ ಎಂಬುದು ಅವರ ದೊಡ್ಡ ಆಕ್ಷೇಪ. ಬೆಳಿಗ್ಗೆ ವಿಹಾರಕ್ಕೆ, ಸಂಜೆ ಹಳೆಯ ದೇವರ ಗುಡಿಗೆ ಹೋಗುವ ಮನೆಗಳು ನಮ್ಮ ನಡುವೆಯೂ ಇರುವುದರಿಂದ ಆ ಆಕ್ಷೇಪ ಹಳೆಯದಾಗಿಲ್ಲ. ಉಪಾಸಕರಿಗೂ ದೀಕ್ಷೆ ಬೇಕು, ವಾರಕ್ಕೊಮ್ಮೆ ವಿಹಾರದಲ್ಲಿ ಸೇರಿ ಪ್ರವಚನ ಕೇಳಬೇಕು, ಎಲ್ಲರ ಕೈಗೂ ಸಿಗುವ ಒಂದು ಧಮ್ಮಗ್ರಂಥ ಬೇಕು ಎಂದು ಅವರು ಯೋಜನೆ ಹಾಕಿದರು. ಬೌದ್ಧ ಪ್ರಚಾರಕರನ್ನು ತಯಾರು ಮಾಡುವ ಕೇಂದ್ರಕ್ಕೆ ಬೆಂಗಳೂರನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. 1955ರಲ್ಲಿ ಭಾರತೀಯ ಬೌದ್ಧ ಮಹಾಸಭೆ ಹುಟ್ಟಿತು. ವಂದನೆಯ ವಿಧಿಗಳನ್ನು ಕೂಡಿಸಿ ಮರಾಠಿಯಲ್ಲಿ ಒಂದು ಪುಟ್ಟ ಪೂಜಾಪಾಠದ ಪುಸ್ತಕವನ್ನೂ ಮಾಡಿದರು.

ಇಷ್ಟರ ನಡುವೆ ‘ಬುದ್ಧ ಮತ್ತು ಆತನ ಧಮ್ಮ’ದ ಬರವಣಿಗೆ ನಡೆಯುತ್ತಿತ್ತು. 1951ರಲ್ಲಿ ಆರಂಭಿಸಿದ ಗ್ರಂಥ ಅದು. ಐದು ವರ್ಷ ಕಾಯಿಲೆಯೊಂದಿಗೆ ಜಗ್ಗಾಡುತ್ತಲೇ ಬರೆದರು. 1956ರ ಸೆಪ್ಟೆಂಬರ್ 14ರಂದು ಪ್ರಧಾನಿ ನೆಹರೂ ಅವರಿಗೆ ಪತ್ರ ಬರೆದು, ಬುದ್ಧನ 2500ನೇ ಪರಿನಿಬ್ಬಾಣ ವರ್ಷದ ಸಂದರ್ಭದಲ್ಲಿ ಗ್ರಂಥಾಲಯಗಳಿಗೆಂದು ಸುಮಾರು 500 ಪ್ರತಿಗಳನ್ನು ಸರ್ಕಾರ ಕೊಂಡರೆ ಮುದ್ರಣದ ಖರ್ಚಿಗೆ ಆಸರೆಯಾಗುತ್ತದೆ ಎಂದು ಕೋರಿದರು. ಆ ಬಾಬ್ತಿನ ಹಣ ಮುಗಿದಿದೆ ಎಂಬ ಉತ್ತರ ಮರುದಿನವೇ ಹೊರಟಿತು. ಸಂವಿಧಾನ ಬರೆದುಕೊಟ್ಟವರಿಗೆ 500 ಪ್ರತಿಗೆ ದುಡ್ಡಿರಲಿಲ್ಲ.

ಆ ಪತ್ರಕ್ಕೆ ಸರಿಯಾಗಿ ಒಂದು ತಿಂಗಳಿಗೆ, ಅಕ್ಟೋಬರ್ 14ರಂದು, ಅಶೋಕ ವಿಜಯದಶಮಿಯ ದಿನ ನಾಗಪುರದಲ್ಲಿ ದೀಕ್ಷೆ. ಭಿಕ್ಷುಗಳಲ್ಲಿ ಹಿರಿಯರಾದ ಕುಶಿನಗರದ ಚಂದ್ರಮಣಿ ಮಹಾಸ್ಥವಿರರನ್ನು ಕರೆಸಿದ್ದರು. ಬಿಳಿ ಬಟ್ಟೆ ಉಟ್ಟು ಬರಲು ಜನರಿಗೆ ಮೊದಲೇ ತಿಳಿಸಲಾಗಿತ್ತು. ಕೂಲಿನಾಲಿ ಮಾಡುವ ಹೆಂಗಸರು ಗಂಡಸರು ಇದ್ದಬದ್ದ ಸಣ್ಣಪುಟ್ಟ ಒಡವೆ ಮಾರಿ ರೈಲಿನ ಟಿಕೆಟ್ಟು, ಬಿಳಿ ಸೀರೆ, ಅಂಗಿ ಕೊಂಡರು. ರೈಲಿಗೂ ದುಡ್ಡಿಲ್ಲದವರು ನಡೆದೇ ಬಂದರು. ಅವರ ಚೀಲದಲ್ಲಿ ಏನಿತ್ತೋ, ರೊಟ್ಟಿಯೋ ಬರೀ ಅವಲಕ್ಕಿಯೋ. ಬಾಬಾಸಾಹೇಬರು ಮತ್ತು ಸವಿತಾ ತಾಯಿಯವರು ಚಂದ್ರಮಣಿಯವರಿಂದ ತ್ರಿಸರಣ, ಪಂಚಶೀಲ ಸ್ವೀಕರಿಸಿದರು. ಆಮೇಲೆ ಅವರೇ ಎದ್ದು ನಿಂತು ಜನಸಮುದಾಯಕ್ಕೆ ದೀಕ್ಷೆ ಕೊಟ್ಟು 22 ಪ್ರತಿಜ್ಞೆಗಳನ್ನು ಮಾಡಿಸಿದರು. ಗೃಹಸ್ಥನೊಬ್ಬ ಲಕ್ಷಾಂತರ ಗೃಹಸ್ಥರಿಗೆ ದೀಕ್ಷೆ ಕೊಟ್ಟ ಆ ಕ್ಷಣ ದಿಢೀರನೆ ಹೊಳೆದದ್ದಲ್ಲ. ಬರ್ಮಾ, ಸಿಂಹಳದಲ್ಲಿ ಕಂಡ ಕೊರತೆಗೆ ಅವರು ಹುಡುಕಿಟ್ಟುಕೊಂಡಿದ್ದ ಉತ್ತರ ಅದು.

ಅಲ್ಲಿಂದ ಮುಂದೆ ಅವರಿಗೆ ಉಳಿದದ್ದು 53 ದಿನ. ಚಂದ್ರಪುರದಲ್ಲಿ ದೀಕ್ಷೆ ಕೊಟ್ಟರು. ನವೆಂಬರಿನಲ್ಲಿ ಕಾಠ್ಮಂಡುವಿನ ವಿಶ್ವ ಬೌದ್ಧ ಸಮ್ಮೇಳನದಲ್ಲಿ ಬುದ್ಧ ಮತ್ತು ಮಾರ್ಕ್ಸ್ ಕುರಿತು ಮಾತನಾಡಿದರು. ಸಾರನಾಥ, ಕುಶಿನಗರ ನೋಡಿಕೊಂಡು ದೆಹಲಿಗೆ ಮರಳಿದರು. ಡಿಸೆಂಬರ್ 5ರ ರಾತ್ರಿ, ತಮ್ಮ ಗ್ರಂಥದ ಮುನ್ನುಡಿ ಮತ್ತು ಪೀಠಿಕೆಯ ಟೈಪಾದ ಹಾಳೆಗಳನ್ನು ಮೇಜಿನ ಮೇಲೆ ಇಡಲು ಸಹಾಯಕ ನಾನಕಚಂದ್ ರತ್ತು ಅವರಿಗೆ ಹೇಳಿದರು. ಬೆಳಿಗ್ಗೆ ನೋಡಿದಾಗ ಅವರಿರಲಿಲ್ಲ. ಮರುದಿನ ದಾದರ್‌ನ ಕಡಲತೀರದಲ್ಲಿ, ಅವರ ಅಂತ್ಯಕ್ರಿಯೆಯ ಜಾಗದಲ್ಲೇ, ಭದಂತ ಆನಂದ ಕೌಸಲ್ಯಾಯನರು ಲಕ್ಷಕ್ಕೂ ಹೆಚ್ಚು ಜನರಿಗೆ ದೀಕ್ಷೆ ಕೊಟ್ಟರು. ದೀಕ್ಷೆ ಪಡೆದವರಿಗೆ ಧಮ್ಮವನ್ನು ಕೂರಿಸಿಕೊಂಡು ಕಲಿಸಲು ಅವರಿಗೆ ಸಮಯವೇ ಸಿಗಲಿಲ್ಲ. ಗ್ರಂಥ 1957ರಲ್ಲಿ ಹೊರಬಂತು. ಖಾಲಿ ಮನಸ್ಸಿನ ಮಾತು ಇರುವ ಆ ಮುನ್ನುಡಿ ಮೊದಲ ಮುದ್ರಣದಲ್ಲಿ ಸೇರಲೂ ಇಲ್ಲ.

ಪೀಠಿಕೆ ಮಾತ್ರ ಇದೆ. ಅದರಲ್ಲಿ ಅವರು ಉಪದೇಶ ಮಾಡಿಲ್ಲ, ನಾಲ್ಕು ಸಮಸ್ಯೆಗಳನ್ನು ಓದುಗರ ಮುಂದಿಟ್ಟಿದ್ದಾರೆ. ಸಿದ್ಧಾರ್ಥ ಮನೆ ಬಿಟ್ಟದ್ದೇಕೆ, 29 ವರ್ಷ ತುಂಬುವವರೆಗೆ ಒಬ್ಬ ಮುದುಕನನ್ನೂ ಒಂದು ಹೆಣವನ್ನೂ ಆತ ಕಂಡಿರಲಿಲ್ಲ ಎಂದರೆ ನಂಬುವುದು ಹೇಗೆ? ಬದುಕೆಲ್ಲ ದುಃಖ ಎನ್ನುವ ನಾಲ್ಕು ಆರ್ಯಸತ್ಯಗಳು ಬುದ್ಧನ ಮೂಲ ಬೋಧನೆಯೇ, ಆಮೇಲೆ ಸೇರಿದ್ದೇ? ಆತ್ಮವೇ ಇಲ್ಲವೆಂದ ಮೇಲೆ ಕರ್ಮ, ಪುನರ್ಜನ್ಮಗಳಿಗೆ ಏನರ್ಥ? ಭಿಕ್ಷು ಇರುವುದು ತಾನು ಪರಿಪೂರ್ಣನಾಗಲಿಕ್ಕೋ, ಜನರ ಸೇವೆಗೋ?

ಶನಿವಾರ ಸಂಜೆಯ ಚರ್ಚೆಗೆ ಈ ನಾಲ್ಕನ್ನೇ ಇಟ್ಟುಕೊಂಡಿದ್ದೇವೆ. ಪೀಠಿಕೆ ಕೆಲವೇ ಪುಟ, ಒಂದು ಸಂಜೆಗೆ ಓದಿ ಮುಗಿಯುತ್ತದೆ. ಮನೆಯಲ್ಲಿ ಪುಸ್ತಕ ಇಲ್ಲದವರು ನನಗೆ ತಿಳಿಸಿ, ಆ ಪುಟಗಳ ಫೋಟೋ ಕಳಿಸುತ್ತೇನೆ. ಓದಲು ಬಾರದ ಹಿರಿಯರಿಗೆ ಮನೆಯ ಮಕ್ಕಳು ಓದಿ ಹೇಳಿ. ಒಪ್ಪದ ಮಾತು ಬಂದರೆ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಂಡು ಬನ್ನಿ. ಮಧ್ಯಾಹ್ನದ ಊಟ ಮಾತ್ರ 12 ಗಂಟೆಗೆ ಸರಿಯಾಗಿ.

ಜೈ ಭೀಮ್. ನಮೋ ಬುದ್ಧಾಯ.